ಬೂದಿಯ ಭಾರಕ್ಕೆ ಚಾವಣಿ ಕುಸಿಯುವುದೇ?

ಲಾವಾ ತಲುಪದ ಊರುಗಳಲ್ಲೂ ಬರಿಯ ಬೂದಿಗೆ ಮನೆಗಳು ಹೇಗೆ ಬಿದ್ದವು ಎಂದು ತಾವು ಕೇಳಿದ್ದೀರಿ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಂತಲ್ಲ. ಅದು ನುಣ್ಣಗೆ ಪುಡಿಯಾದ ಕಲ್ಲು ಮತ್ತು ಗಾಜು. 10 ಸೆಂಟಿಮೀಟರ್ ದಪ್ಪದ ಒಣ ಪದರ ಚದರ ಮೀಟರಿಗೆ ಸುಮಾರು 40ರಿಂದ 70 ಕಿಲೋ ತೂಗಿದರೆ, ನೆನೆದಾಗ ಅದೇ ಪದರ 100 ಕಿಲೋ ದಾಟಬಹುದು. 1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಭಾರಿಯಾಗಿ ಸ್ಫೋಟಿಸಿದಾಗ, ದುರದೃಷ್ಟವಶಾತ್ ಅದೇ ದಿನ ಯೂನ್ಯಾ ಚಂಡಮಾರುತವೂ ಅಲ್ಲಿ ಹಾದುಹೋದದ್ದರಿಂದ, ಮಳೆಯಲ್ಲಿ ತೊಯ್ದ ಬೂದಿಯ ಭಾರ ತಾಳಲಾರದೆ ಚಾವಣಿಗಳು ಕುಸಿದವು. ಸ್ಫೋಟದಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೀಗೆಯೇ ಸತ್ತರು. ನಡುವೆ ಕಂಬಗಳಿಲ್ಲದ ಅಗಲವಾದ ಚಾವಣಿಗಳಿಗೇ ಹಾನಿ ಹೆಚ್ಚು. ಕಡಿದಾದ ಇಳಿಜಾರಿನ ತಗಡಿನಿಂದ ಬೂದಿ ಜಾರುವುದಾದರೂ, ಅದು ಸೂರಂಚಿನ ನೀರುದೋಣಿಯಲ್ಲಿ ತುಂಬಿ ಅದನ್ನೇ ಕಿತ್ತು ಬೀಳಿಸುತ್ತದೆ. ಪೈಪಿನಿಂದ ನೀರು ಹಾಯಿಸಿ ತೊಳೆಯುವುದಂತೂ ಭಾರ ಹೆಚ್ಚಿಸುವ ಕೆಲಸ; ತುಸುವೇ ನೀರು ಚಿಮುಕಿಸಿ ಸಲಿಕೆಯಿಂದ ಎಳೆದು ತೆಗೆಯಬೇಕು.