ಮೈಸೂರಿಗೆ ನೀವೇ ಹೋಗಿ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟಕ್ಕೆ, ಅಂದರೆ ಊರಿನ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ, ನಾನು ಅಧ್ಯಕ್ಷೆ. ಓದಿದ್ದು ಏಳನೇ ಕ್ಲಾಸು. ಹೋದ ವರ್ಷ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯಲ್ಲಿ ನಡೆದ ಸಮಾವೇಶಕ್ಕೆ ಹೋಗಿದ್ದೆ. ನಮ್ಮ ತಾಲ್ಲೂಕಿನವರ ಜೊತೆಗೇ ಕೂತು, ಫೋಟೊ ತೆಗೆಸಿಕೊಂಡು ವಾಪಸ್ ಬಂದೆ. ಬೇರೆ ಯಾರ ಪರಿಚಯವೂ ಆಗಲಿಲ್ಲ. ಈಗ ಮತ್ತೆ ಕರೆ ಬಂದಿದೆ. ‘ಹೋಗಿ ಏನು ತಂದೆ?’ ಎಂದು ಮನೆಯವರು ಕೇಳುತ್ತಾರೆ. ಡಿಗ್ರಿ ಓದಿದ ನಮ್ಮ ಎಂಬಿಕೆಯನ್ನು (ಒಕ್ಕೂಟದ ಲೆಕ್ಕ ಬರೆಯುವವರು) ಕಳಿಸಿಬಿಡಲೇ?

ಉತ್ತರ: ಬೇಡ ಅಕ್ಕಾ, ನೀವೇ ಹೋಗಿ.

ಎಂಬಿಕೆಗೆ ಲೆಕ್ಕದ ಪುಸ್ತಕ ಚೆನ್ನಾಗಿ ಗೊತ್ತು. ಆದರೆ ಸಾಲ ಕಟ್ಟದ ಸದಸ್ಯೆಯ ಮನೆಗೆ ಹೋಗಿ ಮಾತಾಡುವವರು, ಸಂಘದ ಜಗಳ ಬಿಡಿಸುವವರು ನೀವಲ್ವಾ? ಬೇರೆ ಊರಿನ ಅಧ್ಯಕ್ಷೆಯರಿಗೆ ಬೇಕಾಗಿರುವುದು ಆ ಅನುಭವ. ಏಳನೇ ಕ್ಲಾಸು ಎಂದು ಹಿಂಜರಿಯಬೇಡಿ. ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದಲ್ಲಿ, 1987ರ ಚುನಾವಣೆಯಲ್ಲಿ, ಶೇ 25ರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿದ್ದವು. ಊರ ಕೆಲಸ ಊರವರ ಕೈಗೆ ಬರಲಿ ಎಂದು ದುಡಿದವರ ಹೆಸರಿನ ಸಂಸ್ಥೆ ಅದು. ಅಲ್ಲಿ ಕೂರುವ ಹಕ್ಕು ನಿಮಗೆ ಪೂರ್ತಿ ಇದೆ.

ಹೋಗುವಾಗ ನಿಮ್ಮ ಒಕ್ಕೂಟದ ಒಂದೇ ಒಂದು ಕಷ್ಟವನ್ನು ಆರಿಸಿಕೊಳ್ಳಿ. ನಿಮ್ಮವರು ಕಸದ ಗಾಡಿ ಓಡಿಸುತ್ತಿದ್ದರೆ, ‘ತಿಂಗಳ ಶುಲ್ಕ ಕೊಡದ ಮನೆಯವರಿಗೆ ನಿಮ್ಮೂರಲ್ಲಿ ಏನು ಹೇಳ್ತೀರಿ?’ ಎಂದು ಕೇಳಿ. ಇಷ್ಟು ಕೇಳಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ. ಉಡುಪಿ ಕಡೆಯವರು ಸಿಕ್ಕರೆ ಬಿಡಲೇಬೇಡಿ. ಆ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುತ್ತಾರೆ. ಅದು ಹೇಗೆ ನಡೆಯುತ್ತದೆ ಎಂದು ಅಲ್ಲಿಯವರ ಬಾಯಲ್ಲೇ ಕೇಳುವುದು ಒಳ್ಳೆಯದು.

ಕೇಳುವಾಗ ನಿಮ್ಮ ಸೋಲನ್ನೂ ಹೇಳಿ. ‘ನಮ್ಮಲ್ಲಿ ಎಲ್ಲಾ ಚೆನ್ನಾಗಿದೆ’ ಎಂದರೆ ಎದುರಿನವರೂ ಅದನ್ನೇ ಹೇಳಿ ಸುಮ್ಮನಾಗುತ್ತಾರೆ. ‘ಮೂರು ಸಂಘದವರು ಕಂತು ಕಟ್ತಿಲ್ಲ, ರಾತ್ರಿ ನಿದ್ದೆ ಬರ್ತಿಲ್ಲ’ ಎಂದು ನೋಡಿ, ಪಕ್ಕದವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಸಭಾಂಗಣದಲ್ಲಿ ಮಾತಾಡಲು ಪುರುಸೊತ್ತು ಸಿಗುವುದಿಲ್ಲ. ಊಟದ ಸಾಲಿನಲ್ಲಿ ಸಿಗುತ್ತದೆ. ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಆದ್ದರಿಂದ ಕೋಣೆ ಹಂಚುವಾಗ ಬೇರೆ ಜಿಲ್ಲೆಯವರ ಜೊತೆ ಹಾಕಿ ಎಂದು ಕೇಳಿಕೊಳ್ಳಿ. ನಿಮ್ಮ ತಾಲ್ಲೂಕಿನವರು ಬೇಜಾರು ಮಾಡಿಕೊಳ್ಳಬಹುದು. ಅವರಿಗೆ ಬಸ್ಸಿನಲ್ಲೇ ಹೇಳಿಬಿಡಿ. ಅವರೂ ಹಾಗೇ ಮಾಡಿದರೆ ಎಲ್ಲರಿಗೂ ಲಾಭ.

ಅಧಿಕಾರಿಗಳಿಗೆ ನಮಸ್ಕಾರ ಹೇಳಿ, ಕೆಲಸವಿದ್ದರೆ ಮಾತಾಡಿ. ಅವರ ನಂಬರ್ ಸಿಗಲಿಲ್ಲವೆಂದು ಕೊರಗಬೇಡಿ. ಅವರಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಆದರೆ ನಿಮ್ಮಂಥ ಇನ್ನೊಬ್ಬ ಅಧ್ಯಕ್ಷೆ, ಅವಧಿ ಮುಗಿದ ಮೇಲೂ ಅದೇ ಊರಲ್ಲಿರುತ್ತಾಳೆ, ಫೋನ್ ಎತ್ತುತ್ತಾಳೆ. ಇಬ್ಬರು ಅಂಥವರು ಸಿಕ್ಕರೂ ಸಾಕು.

ಅವರ ನಂಬರ್ ಜೊತೆಗೆ ಊರು, ಮಾತಾಡಿದ ವಿಷಯ ಬರೆದುಕೊಳ್ಳಿ. ವಾಪಸ್ ಬಂದ ವಾರದೊಳಗೆ ಫೋನ್ ಮಾಡಿ, ಇಲ್ಲದಿದ್ದರೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ‘ನೀವು ಹೇಳಿದ ಹಾಗೆ ಮಾಡಿ ನೋಡಿದೆವು, ಹೀಗಾಯಿತು’ ಎಂದು ತಿಳಿಸಿ. ಸುಮ್ನೆ ದಿನಾ ಗುಡ್ ಮಾರ್ನಿಂಗ್ ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು. ಪರಿಚಯ ಗೆಳೆತನವಾಗುವುದು ಆ ಎರಡನೇ ಮಾತಿನಿಂದ.

ಮನೆಯವರ ಪ್ರಶ್ನೆಯನ್ನು ಬೈಗುಳ ಅಂದುಕೊಳ್ಳಬೇಡಿ. ಬಂದ ಮೇಲೆ ಯಾರು ಸಿಕ್ಕರು, ಏನು ಹೇಳಿದರು ಎಂದು ಅವರಿಗೂ, ಒಕ್ಕೂಟದ ಮುಂದಿನ ಸಭೆಗೂ ಹೇಳಿ. ಇಬ್ಬರಿಗೆ ಅವಕಾಶವಿದ್ದರೆ ಎಂಬಿಕೆಯನ್ನೂ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಹೊರಡುವ ಮುಂಚೆ ಅವರ ಹತ್ತಿರ ಸಾಲ, ಮರುಪಾವತಿ, ಬಾಕಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.