ಆನ್‌ಲೈನ್ ಎಂ.ಬಿ.ಎ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಮಾರ್ಗದರ್ಶನ ಮಾಡುವುದು ಹೇಗೆ?

ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಿಮಗೆ ಆನ್‌ಲೈನ್ ಎಂ.ಬಿ.ಎ. ಓದುತ್ತಿರುವ ಎಂಟು ಮಂದಿಯ ಪ್ರಾಜೆಕ್ಟ್ ಮಾರ್ಗದರ್ಶನವನ್ನು ವಹಿಸಲಾಗಿದೆ. ಹಗಲಿಡೀ ನೌಕರಿಯಲ್ಲಿರುವ, ಮುಖತಃ ಒಮ್ಮೆಯೂ ಕಾಣದ ಇವರಿಂದ ನಿಜವಾದ ಸಂಶೋಧನೆ ಮಾಡಿಸಲು ಸಾಧ್ಯವೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಉತ್ತರ, ಸಾಧ್ಯ ಎಂದೇ. ಆದರೆ ಎಂಟು ಮಂದಿ ಹೆಚ್ಚಾಯಿತು. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ತನ್ನ ಎಂ.ಬಿ.ಎ. ಪ್ರಾಜೆಕ್ಟ್‌ಗಳಿಗೆ ಒಬ್ಬ ಮಾರ್ಗದರ್ಶಕರ ಬಳಿ ಏಕಕಾಲಕ್ಕೆ ಐವರಿಗಿಂತ ಹೆಚ್ಚು ಜನ ಇರಬಾರದೆಂಬ ನಿಯಮವನ್ನು ಇಟ್ಟುಕೊಂಡಿದೆ. ನಿಮ್ಮ ವಿಶ್ವವಿದ್ಯಾಲಯ ಬೇರೆಯಾಗಿದ್ದರೂ ಸಂಯೋಜಕರ ಮುಂದೆ ಇದನ್ನು ಪ್ರಸ್ತಾಪಿಸಿ ನೋಡಿ.

ಇಂತಹ ಪ್ರಾಜೆಕ್ಟ್‌ಗಳು ಕೆಡುವುದು ಬಹುಮಟ್ಟಿಗೆ ವಿಷಯದ ಆಯ್ಕೆಯಲ್ಲೇ. 'ಬೆಂಗಳೂರಿನ ಗ್ರಾಹಕರಲ್ಲಿ ಯುಪಿಐ ಬಳಕೆ: ಒಂದು ಅಧ್ಯಯನ' ಎಂಬಂತಹ ಶೀರ್ಷಿಕೆ ನಿಮ್ಮ ಬಳಿಯೂ ಬಂದೇ ಬರುತ್ತದೆ. ಅದಕ್ಕೊಂದು ಗೂಗಲ್ ಫಾರ್ಮ್ ಸಿದ್ಧವಾಗಿ, ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿ, ನೂರು ಮಂದಿ ಸ್ನೇಹಿತರು ಬಸ್ಸಿನಲ್ಲಿ ಕುಳಿತು ಗುಂಡಿ ಒತ್ತಿ, ಕೊನೆಗೆ ಬಣ್ಣಬಣ್ಣದ ಪೈ ಚಾರ್ಟ್‌ಗಳ ಜೊತೆಗೆ 'ಜನರು ತೃಪ್ತರಾಗಿದ್ದಾರೆ' ಎಂಬ ನಿರ್ಣಯ ಹೊರಬೀಳುತ್ತದೆ. ಉತ್ತರಿಸಿದವರೆಲ್ಲ ಒಂದೇ ವಯಸ್ಸಿನ, ಒಂದೇ ಕಚೇರಿಯ ಪರಿಚಿತರಾಗಿರುವಾಗ ಅದು ಬೆಂಗಳೂರಿನ ಗ್ರಾಹಕರ ಬಗ್ಗೆ ಏನನ್ನೂ ಹೇಳಲಾರದು. ಆನ್‌ಲೈನ್ ವಿದ್ಯಾರ್ಥಿಯ ನೌಕರಿಯನ್ನು ನಾವು ಅಡಚಣೆಯೆಂದು ಎಣಿಸುತ್ತೇವೆ. ನನ್ನ ಮಟ್ಟಿಗೆ ಅವರ ದೊಡ್ಡ ಅನುಕೂಲವೇ ಅದು, ಏಕೆಂದರೆ ಕ್ಯಾಂಪಸ್ಸಿನ ವಿದ್ಯಾರ್ಥಿ ತಿಂಗಳುಗಟ್ಟಲೆ ಅಲೆದರೂ ಸಿಗದ ದಾಖಲೆಗಳ ನಡುವೆ ಇವರು ದಿನವೂ ಕುಳಿತಿರುತ್ತಾರೆ.

ಗಾರ್ಮೆಂಟ್ ಕಾರ್ಖಾನೆಯೊಂದರ ಎಚ್.ಆರ್. ವಿಭಾಗದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ 'ಉದ್ಯೋಗಿ ತೃಪ್ತಿ' ಎಂಬ ವಿಷಯದೊಂದಿಗೆ ಬಂದರು. ಕಚೇರಿಯಲ್ಲಿ ನಿಮಗೆ ತಲೆನೋವು ತರುವ ಸಂಗತಿ ಯಾವುದು ಎಂದು ಕೇಳಿದಾಗ, ಹೊಸದಾಗಿ ಸೇರಿದ ಹೆಂಗಸರು ಮೂರು ತಿಂಗಳು ತುಂಬುವ ಮೊದಲೇ ಬಿಟ್ಟುಹೋಗುತ್ತಾರೆ ಎಂದರು. ಆಗ ಪ್ರಶ್ನೆಯೇ ಬದಲಾಯಿತು: ಬಿಟ್ಟುಹೋಗುವವರು ಯಾವ ಹೊಲಿಗೆ ಲೈನಿನವರು, ಎಷ್ಟು ದೂರದಿಂದ ಬರುವವರು, ಬಿಡುವ ಮೊದಲಿನ ವಾರಗಳಲ್ಲಿ ಅವರ ಹಾಜರಿ ಹೇಗಿತ್ತು? ಹಾಜರಿ ಪುಸ್ತಕ ಆ ವಿದ್ಯಾರ್ಥಿನಿಯ ಕೈಯಲ್ಲೇ ಇತ್ತು. ಹಳೆಯ ದಾಖಲೆಗಳನ್ನು ಹಾಳೆಗೆ ಇಳಿಸಿಕೊಂಡ ಮೇಲೆ, ಯಾರ ತೃಪ್ತಿಯನ್ನೂ ಐದು ಅಂಕಗಳ ಮಾಪಕದಲ್ಲಿ ಅಳೆಯುವ ಅಗತ್ಯ ಬೀಳಲಿಲ್ಲ. ಸಹಕಾರ ಸಂಘದ ಗುಮಾಸ್ತರಿಗೆ ಸಾಲ ಮರುಪಾವತಿಯ ಲೆಡ್ಜರು, ಔಷಧ ವಿತರಕರ ಲೆಕ್ಕಿಗರಿಗೆ ಅವಧಿ ಮೀರಿ ಹಿಂದಿರುಗಿದ ಸರಕಿನ ಪಟ್ಟಿ ಹೀಗೆಯೇ ಒದಗಬಹುದು.

ಇಲ್ಲಿ ಎಚ್ಚರವೂ ಬೇಕು. ದಾಖಲೆ ಕಣ್ಣಿಗೆ ಬೀಳುತ್ತದೆ ಎಂದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಬಂದಂತಾಗುವುದಿಲ್ಲ. ಸಿನಾಪ್ಸಿಸ್ (ಪ್ರಾಜೆಕ್ಟ್‌ನ ಸಂಕ್ಷಿಪ್ತ ರೂಪರೇಷೆ) ಸಲ್ಲಿಸುವ ಮೊದಲೇ ಮಾಲೀಕರಿಂದ ಲಿಖಿತ ಅನುಮತಿ ಪಡೆಯುವಂತೆ ಹೇಳಿ. ಹೆಸರು, ಫೋನ್ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ತೆಗೆದ ಪ್ರತಿ ಮಾತ್ರ ನಿಮ್ಮ ಕೈಗೆ ಬರಲಿ. ವಿದ್ಯಾರ್ಥಿಗಳು ಕಚೇರಿಯಲ್ಲಿ ತಮ್ಮ ಕೈಕೆಳಗಿನವರಿಗೇ ಪ್ರಶ್ನಾವಳಿ ಹಂಚುವುದನ್ನು ನಾನು ಒಪ್ಪುವುದಿಲ್ಲ. ಮೇಲಧಿಕಾರಿ ಕೇಳಿದ ಪ್ರಶ್ನೆಗೆ ಯಾರು ತಾನೇ ಮನಸ್ಸು ಬಿಚ್ಚಿ ಉತ್ತರಿಸಿಯಾರು?

ಇನ್ನು ದೂರದ ಮಾತು. ದೂರಶಿಕ್ಷಣದ ಚಿಂತಕ ಮೈಕೆಲ್ ಮೂರ್ ಅವರು ಗುರುಶಿಷ್ಯರ ನಡುವಿನ ಅಂತರವನ್ನು ಮೈಲಿಗಳಲ್ಲಿ ಅಳೆಯಲಿಲ್ಲ. ಸಂವಾದ ಎಷ್ಟಿದೆ, ಕೋರ್ಸಿನ ಚೌಕಟ್ಟು ಎಷ್ಟು ಬಿಗಿಯಾಗಿದೆ ಎಂಬುದರಿಂದ ಅಳೆದರು. ಪ್ರಾಜೆಕ್ಟ್ ಹಂತದಲ್ಲಿ ಸಿದ್ಧಪಾಠವಿರುವುದಿಲ್ಲವಾದ್ದರಿಂದ ಎಲ್ಲ ಭಾರವೂ ಸಂವಾದದ ಮೇಲೆಯೇ ಬೀಳುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಒಂದು ಪುಟ ಬರೆದು ಕಳುಹಿಸಲು ಹೇಳುತ್ತೇನೆ, ಅದೂ ಗೂಗಲ್ ಡಾಕ್ಸ್‌ನಲ್ಲಿ, ಏಕೆಂದರೆ ಬರಹ ಬೆಳೆದ ಬಗೆ ಅದರ ಆವೃತ್ತಿ ಇತಿಹಾಸದಲ್ಲಿ ಕಾಣುತ್ತದೆ. ಭೇಟಿಯ ಹೊತ್ತನ್ನು ಅವರ ಪಾಳಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಕುವೈತ್‌ನಲ್ಲಿರುವ ಮಂಗಳೂರಿನ ಹುಡುಗನಿಗೆ ಸಂಜೆ ಏಳು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಅಧ್ಯಾಯಗಳನ್ನು ಓದುವ ಮೊದಲು ಮೂಲ ದತ್ತಾಂಶದ ಹಾಳೆಯನ್ನು ಪರದೆಯ ಮೇಲೆ ತೆರೆಸಿ, ಯಾವುದಾದರೂ ಒಂದು ಸಾಲು ತೋರಿಸಿ ಇದು ಎಲ್ಲಿಂದ ಬಂತೆಂದು ಕೇಳಿ. ಜೆರಾಕ್ಸ್ ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಪ್ರಾಜೆಕ್ಟ್ ಆಗಲಿ, ಎಐ ಬರೆದುಕೊಟ್ಟ ವರದಿಯಾಗಲಿ ಆ ಒಂದು ಪ್ರಶ್ನೆಯ ಮುಂದೆ ಬಹುಕಾಲ ನಿಲ್ಲುವುದಿಲ್ಲ.

ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯನ್ನು ಆರಂಭದಲ್ಲೇ ತಿಳಿಸಿಬಿಡಿ. ಬೇರೆಯವರ ಬರಹಗಳೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರೊಳಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಸಬೇಕು. 40 ದಾಟಿ 60ರವರೆಗಾದರೆ ಒಂದು ವರ್ಷ ಸಲ್ಲಿಕೆಗೆ ನಿರ್ಬಂಧ. 60 ಮೀರಿದರೆ ನೋಂದಣಿಯೇ ರದ್ದು. ಇದರ ದುಷ್ಪರಿಣಾಮವೆಂದರೆ, ಪದಗಳನ್ನು ತಿರುಚಿ ಶೇಕಡಾ ಒಂಬತ್ತಕ್ಕೆ ಇಳಿಸಿದರೆ ಸಾಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿರುವುದು. ಪರರ ವಿಚಾರವನ್ನು ಹೆಸರು ಹೇಳದೆ ತೆಗೆದುಕೊಂಡರೆ ತಂತ್ರಾಂಶ ಸೊನ್ನೆ ತೋರಿಸಿದರೂ ಅದು ಚೌರ್ಯವೇ. ಗ್ರಂಥಾಲಯದ ಕೊರತೆಯನ್ನು ನೆಪವಾಗಿ ಒಪ್ಪಬೇಡಿ: ಶೋಧಗಂಗಾ ಎಂಬ ಜಾಲತಾಣದಲ್ಲಿ ಭಾರತದ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಉಲ್ಲೇಖಗಳನ್ನು ಜೋಡಿಸಲು ಜೊಟೆರೊ ಎಂಬ ತಂತ್ರಾಂಶ ಇದೆ.

ಕೆಲವರು ಮುಂದೆ ಆನ್‌ಲೈನ್‌ನಲ್ಲೇ ಪಿಎಚ್.ಡಿ. ಮಾಡುವ ಆಸೆ ಹೇಳಿಕೊಳ್ಳುತ್ತಾರೆ. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆಗೂಡಿ ನೀಡುವ ಅಂತಹ ಪದವಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) 2022ರ ಅಕ್ಟೋಬರ್‌ನಲ್ಲಿ ಎಚ್ಚರಿಸಿವೆ, ಅಷ್ಟು ತಿಳಿಸಿದರೆ ಸಾಕು.

ಕಡೆಯದಾಗಿ ಸಹಿಯ ವಿಚಾರ. ಇದು ವಿದ್ಯಾರ್ಥಿಯ ಸ್ವಂತ ಕೆಲಸವೆಂದು ದೃಢೀಕರಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನೀವು. ಮೂಲ ದತ್ತಾಂಶ ತೋರಿಸದೆ, ಕೊನೆಯ ವಾರ ಪೂರ್ಣ ವರದಿಯೊಂದಿಗೆ ಪ್ರತ್ಯಕ್ಷರಾಗುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ಸಹಿ ಹಾಕಬೇಡಿ; ಕಾರಣವನ್ನು ಸಂಯೋಜಕರಿಗೆ ಇಮೇಲ್‌ನಲ್ಲಿ ಬರೆದು, ಮುಂದಿನ ಅವಧಿಗೆ ಸಲ್ಲಿಸಲು ಅವಕಾಶವಿದೆಯೇ ಎಂದು ಅವರ ಪರವಾಗಿ ನೀವೇ ಕೇಳಿ.