ಸಂಪಾದಕರ ಉತ್ತರ: 15 ಬೆಳ್ಳಿ ನಾಣ್ಯ, ಒಂದಿಷ್ಟು ಜವೆಗೋಧಿ

ಪ್ರಿಯ ಸಹೋದರರೇ,

ನಿಮ್ಮ ಪತ್ರ ತಲುಪಿತು. ಕುಡಿತ ಬಿಡ್ತೀನಿ ಎಂದು ದೇವರ ಮುಂದೆ ಎಷ್ಟೋ ಸಲ ಮಾತು ಕೊಟ್ಟಿದ್ದೀರಿ, ಅಷ್ಟೇ ಸಲ ಮುರಿದಿದ್ದೀರಿ. ಆದಿವಾರ ಕಡೇ ಬೆಂಚಿನಲ್ಲಿ ಕೂತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿಗೆ ಸುಮ್ನೆ ಎದ್ದು ಬರುತ್ತೀರಿ. "ನನ್ನಂಥವನ ಮೇಲೆ ದೇವರಿಗೆ ಇನ್ನೂ ಪ್ರೀತಿ ಇರುತ್ತಾ? ಪ್ರತಿ ಸಲ ಕ್ಷಮಿಸುತ್ತಾ ಹೋದರೆ ಆ ಕ್ಷಮೆಗೆ ಬೆಲೆ ಏನು?" ಎಂದು ಕೇಳಿದ್ದೀರಿ.

ಬೆಲೆಯ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ಬೈಬಲಿನ ಹಳೆ ಒಡಂಬಡಿಕೆಯಲ್ಲಿ ಪ್ರವಾದಿ ಹೋಶೇಯನ ಪುಸ್ತಕ ತೆರೆಯಿರಿ. ಕ್ರಿಸ್ತಪೂರ್ವ 8ನೇ ಶತಮಾನದ ಇಸ್ರಾಯೇಲು ಅದು, ಉತ್ತರದ ರಾಜ್ಯ. ಎರಡನೇ ಯಾರೊಬ್ಬಾಮನ ಆಳ್ವಿಕೆಯಲ್ಲಿ ಉಳ್ಳವರ ಕೈತುಂಬ ದುಡ್ಡಿತ್ತು. ಜನ ಮಾತ್ರ ಬೆಳೆ ಕೊಟ್ಟವನು ಕಾನಾನ್ಯರ ದೇವರಾದ ಬಾಳನೆಂದು ನಂಬಿ ಅವನ ಹಿಂದೆ ಹೋದರು. ಧಾನ್ಯ, ದ್ರಾಕ್ಷಾರಸ, ಎಣ್ಣೆ ಎಲ್ಲ ಕೊಟ್ಟವನು ನಾನಲ್ಲವೇ ಎಂದು ದೇವರು ನೊಂದುಕೊಳ್ಳುತ್ತಾನೆ. ಆ ನೋವನ್ನು ಹೋಶೇಯ ತನ್ನ ಮನೆಯಲ್ಲೇ ಉಂಡ. ಹೆಂಡತಿ ಗೋಮೆರಳು ಬೇರೆಯವರ ಹಿಂದೆ ಹೋದಳು.

3ನೇ ಅಧ್ಯಾಯದಲ್ಲಿ ಐದೇ ವಚನಗಳಿವೆ. ಪರಪುರುಷನ ಜೊತೆಗಿರುವ ಹೆಂಗಸನ್ನು ಹೋಗಿ ಪ್ರೀತಿಸು ಎಂದು ದೇವರು ಹೇಳುತ್ತಾನೆ. ಅಲ್ಲಿ ಹೆಸರಿಲ್ಲ. ಅವಳು ಗೋಮೆರಳೇ ಎಂದು ಹೆಚ್ಚಿನವರು ಓದುತ್ತಾರೆ, ನಾನೂ ಹಾಗೆಯೇ ಓದುತ್ತೇನೆ. ಹೋಶೇಯ 15 ಬೆಳ್ಳಿ ನಾಣ್ಯ ಮತ್ತು ಒಂದಿಷ್ಟು ಜವೆಗೋಧಿ ಕೊಟ್ಟು ಅವಳನ್ನು ಬಿಡಿಸಿಕೊಂಡ. ಮೋಶೆಯ ಧರ್ಮಶಾಸ್ತ್ರದಲ್ಲಿ, ಎತ್ತು ಹಾಯ್ದು ದಾಸನೊಬ್ಬ ಸತ್ತರೆ ಅವನ ಯಜಮಾನನಿಗೆ ಕೊಡಬೇಕಾದ ಪರಿಹಾರ 30 ಬೆಳ್ಳಿ, ಅಂದರೆ ಒಬ್ಬ ದಾಸನ ಬೆಲೆ. ಇವನ ಹತ್ತಿರ ಅಷ್ಟು ನಗದು ಇರಲಿಲ್ಲ, ಮನೆಯ ಧಾನ್ಯವನ್ನೇ ಅಳೆದು ಸೇರಿಸಿದ ಅಂತ ನನಗೆ ಅನ್ನಿಸುತ್ತದೆ. ತನ್ನ ಹೆಂಡತಿಯನ್ನೇ, ನಾಲ್ಕು ಜನ ನೋಡುವ ಹಾಗೆ, ದುಡ್ಡು ಕೊಟ್ಟು ಕರೆತರುವುದು! ಮರ್ಯಾದೆ ಹೋಗಿದ್ದು ಯಾರದು? ದೇವರ ಕ್ಷಮೆ ನಿಮಗೆ ಪುಕ್ಕಟೆಯಾಗಿ ಸಿಗಬಹುದು. ಆದರೆ ಕೊಡುವವನಿಗೆ ಅದು ಯಾವತ್ತೂ ಪುಕ್ಕಟೆಯಾಗಿರಲಿಲ್ಲ. ಶಿಲುಬೆಯನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ?

ಹಾಗಂತ ತಪ್ಪಿನ ಫಲ ತಪ್ಪಲಿಲ್ಲ. ಕ್ರಿಸ್ತಪೂರ್ವ 722ರ ಸುಮಾರಿಗೆ ಆ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಶ್ಶೂರ ಸಾಮ್ರಾಜ್ಯದ ಕೈಗೆ ಬಿತ್ತು. ನಿಮ್ಮ ಕುಡಿತದಿಂದ ಹೆಂಡತಿ, ಮಕ್ಕಳು ಕಳೆದುಕೊಂಡ ನೆಮ್ಮದಿ ಒಂದು ಪ್ರಾರ್ಥನೆಯಿಂದ ವಾಪಸ್ ಬರುವುದಿಲ್ಲ. ದಯವಿಟ್ಟು ಹೋಶೇಯನ ಕಥೆ ತೋರಿಸಿ, ನೀನೂ ಹೀಗೆ ಸಹಿಸಿಕೋ ಎಂದು ಆ ತಾಯಿಗೆ ಹೇಳಬೇಡಿ. ಆ ಕಥೆಯಲ್ಲಿ ನೀವು ನಿಂತಿರುವುದು ಗೋಮೆರಳ ಜಾಗದಲ್ಲಿ. ಡಾಕ್ಟರ ಹತ್ತಿರವೂ ಹೋಗಿ. ಚಿಕಿತ್ಸೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತಲ್ಲ.

ನಿಮ್ಮ ಮಾತು ನಿಲ್ಲದು ಎನ್ನುವುದು ದೇವರಿಗೆ ಹೊಸ ಸುದ್ದಿಯೇನಲ್ಲ. ನಿಮ್ಮ ಪ್ರೀತಿ ಬೆಳಗಿನ ಮಂಜು, ಬಿಸಿಲೇರಿದರೆ ಕರಗುತ್ತದೆ ಎಂದು 6ನೇ ಅಧ್ಯಾಯದಲ್ಲಿ ಆತನೇ ಹೇಳಿದ್ದಾನೆ. ಅದನ್ನು ತಿಳಿದೂ, 11ನೇ ಅಧ್ಯಾಯದಲ್ಲಿ, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಬಿಡಲಿ ಎಂದು ಹಲುಬುತ್ತಾನೆ. ಎಫ್ರಾಯೀಮ್ ಅಂದರೆ ಆ ಉತ್ತರದ ರಾಜ್ಯವೇ. ಕೈ ಹಿಡಿದು ನಡೆಯಲು ಕಲಿಸಿದವನು ನಾನು ಎನ್ನುತ್ತಾನೆ. ಯಾಕೆ ನಾಶ ಮಾಡುವುದಿಲ್ಲ? ನಾನು ಮನುಷ್ಯನಲ್ಲ, ದೇವರು. ಇದೇ ಆತ ಕೊಡುವ ಕಾರಣ. ನಿಮ್ಮ ಯೋಗ್ಯತೆಯ ಮಾತೇ ಅಲ್ಲಿಲ್ಲ.

ಇನ್ನು ಪ್ರಭುಭೋಜನ. ಅಪೊಸ್ತಲ ಪೌಲನು ಕೊರಿಂಥ ಊರಿನ ಸಭೆಯವರಿಗೆ ಹೇಳಿದ್ದು, ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದಲ್ಲ. ಯೇಸು ಮೊದಲು ರೊಟ್ಟಿ ಮುರಿದು ಕೊಟ್ಟ ರಾತ್ರಿ ಆ ಪಂಕ್ತಿಯಲ್ಲಿ ಶಿಷ್ಯ ಪೇತ್ರನಿದ್ದ. ಕೋಳಿ ಕೂಗುವ ಮುಂಚೆ ಅವನು, ಯೇಸು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿಬಿಡುತ್ತಾನೆಂದು ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ. ಪಾತ್ರೆಯಲ್ಲಿ ವೈನ್ ಇರುತ್ತದೋ ಬರೀ ದ್ರಾಕ್ಷಿ ರಸವೋ ಎಂದು ಸಭಾಪಾಲಕರನ್ನು ಮೊದಲೇ ಕೇಳಿಕೊಳ್ಳಿ. ನಿಮ್ಮ ಮಟ್ಟಿಗೆ ಅದು ಸಣ್ಣ ವಿಷಯವಲ್ಲ, ಅವರಿಗೂ ಅರ್ಥವಾಗುತ್ತದೆ.

ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ ಎಂದೂ ಬರೆದಿದ್ದೀರಿ. ಹೋಶೇಯನ ಕಡೇ ಅಧ್ಯಾಯ, 14ನೆಯದು, ಗಟ್ಟಿಯಾಗಿ ಓದಿ. ತಿರುಗಿ ಬರುವವರು ಏನು ಹೇಳಬೇಕು ಎನ್ನುವುದನ್ನು ಅಲ್ಲಿ ಸಾಲು ಸಾಲಾಗಿ ಹೇಳಿಕೊಟ್ಟಿದೆ. ಸದ್ಯಕ್ಕೆ ಅದೇ ನಿಮ್ಮ ಪ್ರಾರ್ಥನೆಯಾಗಲಿ.

ನಿಮ್ಮ,
ಸಂಪಾದಕ